ಸೂಲಗಿತ್ತಿ ರಸ್ತೆ ದಾಟಿದ್ದು

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ನನಗೆ ಕಮಲಾಪುರದಲ್ಲಿ ತಮ್ಮ ಹುಟ್ಟಿದ ಆ ಮಧ್ಯಾಹ್ನ ನೆನಪಾಗುತ್ತದೆ.

ಹೈದರಾಬಾದಿನ ದೊಡ್ಡ ಸಾಹೇಬರ ಸವಾರಿ ನಮ್ಮೂರ ಮೇಲೆ ಕಲಬುರಗಿಗೆ ಹೋಗುವುದಿತ್ತು. ರಸ್ತೆಬದಿಯ ಕಲ್ಲುಗಳಿಗೆ ಸುಣ್ಣ ಬಳಿದು, ನೂರು ಹೆಜ್ಜೆಗೊಬ್ಬ ಊರವನನ್ನು ಕಾವಲಿಗೆ ನಿಲ್ಲಿಸಿದ್ದರು. ಒಬ್ಬೊಬ್ಬನ ಕೈಗೂ ಒಂದು ಬಡಿಗೆ, ಉರ್ದುವಿನಲ್ಲಿ ಬರೆದ ಒಂದು ಹುಕುಮಿನ ಚೀಟಿ. ಸವಾರಿ ಹೋಗುವವರೆಗೆ ಯಾರೂ ರಸ್ತೆ ದಾಟಕೂಡದು. ಅಪ್ಪನೂ ಹಾಗೆ ನಿಂತಿದ್ದ. ಮುಂದೆ ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಪಾಸಾದದ್ದು ನಾನು, ಅಪ್ಪನಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ.

ಅವ್ವನಿಗೆ ಬೇನೆ ಹತ್ತಿತ್ತು. ಸೂಲಗಿತ್ತಿ ನೀಲಮ್ಮಾಯಿಯನ್ನು ಕರೆದುಕೊಂಡು ಓಡಿ ಬಂದೆ. ನಮ್ಮ ಮನೆ ರಸ್ತೆಯ ಆಚೆಗಿತ್ತು; ನಾನು ಕರೆಯಲು ಹೋಗುವಾಗ ಕಾವಲು ಇನ್ನೂ ನಿಂತಿರಲಿಲ್ಲ. ಅಪ್ಪ ಬಡಿಗೆ ಅಡ್ಡ ಹಿಡಿದ.

“ಏ ಶರಣ್ಯಾ, ನಿನ್ನ ಎಳದು ಭೂಮಿಗಿ ತಂದಾಕಿ ನಾನು, ನನಗೇ ಬಡಗಿ ತೋರಸ್ತಿ? ಅಲ್ಲಿ ನಿನ್ನ ಹೆಣ್ತಿ ಜೀವ ಹೊಂಟಾದ!” ಎಂದಳು ಆಯಿ.

ಅಪ್ಪ ಪಕ್ಕದಲ್ಲಿದ್ದ ಪೊಲೀಸ್ ಜವಾನನ ಮುಖ ನೋಡಿದ. “ಹುಕುಮ್ ಆಗ್ಯಾದಪಾ. ಬಿಟ್ರ ನನ್ನ ನೌಕರಿ ಹೋಗ್ತದ” ಎಂದ ಜವಾನ.

ಅಪ್ಪ ಚೀಟಿ ಬಿಚ್ಚಿ, ಬೆರಳಿಟ್ಟು, ಗಟ್ಟಿಯಾಗಿ ಓದಿದ: “ಸೂಲಗಿತ್ತಿ ಬಂದ್ರ ತಡೀಬ್ಯಾಡ್ರಿ, ಲಗೂ ಬಿಡ್ರಿ. ಹೀಂಗ ಬರದಾರ ನೋಡ್ರಿ, ಸಾಹೇಬ್ರ.”

ಜವಾನ ಬಗ್ಗಿ ಚೀಟಿಯನ್ನು ನಿಧಾನವಾಗಿ ನೋಡಿದ. “ಹೌದು, ಬರದಾರ” ಎಂದ. ಆಯಿ ಸೀರೆ ಎತ್ತಿ ಕಟ್ಟಿ ಓಡಿದಳು.

ಅವಳು ನಮ್ಮ ಬಾಗಿಲು ಸೇರಿದ ಮೇಲೆ ಜವಾನ ಅಪ್ಪನ ಕೈಯಿಂದ ಚೀಟಿ ತೆಗೆದುಕೊಂಡು, ತಲೆಕೆಳಗಾಗಿದ್ದುದನ್ನು ನೆಟ್ಟಗೆ ತಿರುಗಿಸಿ ಕೊಟ್ಟ.

“ಮೋಟಾರ್ ಬರೋ ಹೊತ್ತಾತು. ಇನ್ನ ಹೀಂಗ ಹಿಡ್ಕೋ.”