ಕರೆಂಟ್ ಆಫೀಸಿನಲ್ಲಿ ಕಾವು

ಉಚ್ಚಂಗಮ್ಮ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕಂಬಳಿ ಸುತ್ತಿದ ಥರ್ಮಾಕೋಲ್ ಪೆಟ್ಟಿಗೆಯನ್ನು ಅವುಚಿಕೊಂಡು ಕರೆಂಟ್ ಆಫೀಸಿನೊಳಗೆ ನುಗ್ಗಿದವಳೇ ಇಂಜಿನಿಯರ್ ಸಾಹೇಬನ ಕೂಲರಿನ ಪ್ಲಗ್ಗು ಕಿತ್ತು, ತನ್ನ ಪೆಟ್ಟಿಗೆಯ ಪ್ಲಗ್ಗು ಚುಚ್ಚಿದಳು. ಒಳಗಿನ ಬಲ್ಬು ಹತ್ತಿತು.

"ಏಯ್, ಯಾರು ನಿನ್ನ ಒಳಗೆ ಬಿಟ್ಟಿದ್ದು?" ಸಾಹೇಬ ಕಿರಣ್‌ಕುಮಾರ್ ಕುರ್ಚಿ ಬಿಟ್ಟೆದ್ದ.

"ಎಪ್ಪತ್ತು ಮೊಟ್ಟೆ ಅವೆ ಸ್ವಾಮಿ. ಇವತ್ತಿಗೆ ಇಪ್ಪತ್ತೊಂದನೇ ದಿನ. ತಣ್ಣಗಾದ್ರೆ ಮರಿ ಒಳಗೇ ಸಾಯ್ತವೆ."

ಮತ್ತೋಡು ಊರಿನಾಚೆಯ ಅವಳ ಹಟ್ಟಿಯ ಹನ್ನೊಂದು ಮನೆಯ ಹೆಂಗಸರು ಸೇರಿ ತಂದ, ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಅಗ್ಗದ ಯಂತ್ರ ಅದು. ಕಾವು ತಾನೇ ಅಳೆಯುತ್ತಿತ್ತು, ಮೊಟ್ಟೆ ತಾನೇ ಮಗುಚುತ್ತಿತ್ತು. ಕರೆಂಟನ್ನು ಮಾತ್ರ ತಾನೇ ಹುಟ್ಟಿಸಿಕೊಳ್ಳಲಾರದು. ನಿನ್ನೆ ಸಂಜೆ ಹಟ್ಟಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಫೋನು ಮಾಡಿದರೆ, ವಾರ ಆಗುತ್ತದೆ ಎಂಬ ಉತ್ತರ. ಗೌಡರ ಕೇರಿಯದು ಸುಟ್ಟಾಗ ಅದೇ ದಿನ ಲಾರಿ ಬಂದದ್ದನ್ನು ಇಡೀ ಹಟ್ಟಿ ನೋಡಿತ್ತು. ಬಿಸಿನೀರಿನ ಬಾಟಲಿ ಇಟ್ಟು ಬೆಳಗು ಮಾಡಿದ ಹೆಂಗಸರು ಮೊದಲ ಬಸ್ಸಿಗೇ ಇವಳನ್ನು ಹತ್ತಿಸಿದ್ದರು.

ಪೊಲೀಸರನ್ನು ಕರೆಸುವುದಾಗಿ ಸಾಹೇಬ ಹೆದರಿಸಿದ. ಕರೆಸ್ರಿ, ಅವರೂ ಮರಿ ನೋಡಿಕೊಂಡು ಹೋಗಲಿ ಎಂದಳು. ಪ್ಲಗ್ಗು ಕೀಳುವಂತೆ ಲೈನ್‌ಮನ್ ಬೀರೇಶನಿಗೆ ಹುಕುಂ ಆಯಿತು. ಬಗ್ಗಿದ ಬೀರೇಶ ಹಾಗೇ ನಿಂತ. ಪೆಟ್ಟಿಗೆಯೊಳಗಿಂದ ಚಿಂವ್ ಚಿಂವ್.

"ಒಳಗೆ ಜೀವ ಕೂಗ್ತಾ ಐತೆ ಸಾರ್. ಕಂಬ ಹತ್ತು ಅನ್ರಿ, ಹತ್ತುತೀನಿ. ಇದು ನನ್ ಕೈಲಾಗಲ್ಲ."

"ನೀವೇ ಕೀಳ್ರಿ ಸ್ವಾಮಿ," ಉಚ್ಚಂಗಮ್ಮ ಕಂಬಳಿ ಸರಿಸಿ ದಾರಿ ಬಿಟ್ಟಳು. "ಮುಚ್ಚಳದ ಗಾಜಿನಾಗೆ ಒಂದ್ಸಲ ನೋಡ್ಕಂಡು ಕೀಳ್ರಿ."

ಸಾಹೇಬ ನೋಡಿದ. ಚಿಪ್ಪಿನ ಬಿರುಕಿನಿಂದ ಒದ್ದೆ ಕೊಕ್ಕೊಂದು ಇಣುಕುತ್ತಿತ್ತು. ಪ್ಲಗ್ಗಿನತ್ತ ಹೋದ ಕೈ ಹಿಂದಕ್ಕೆ ಬಂತು.

ಮಧ್ಯಾಹ್ನದ ಹೊತ್ತಿಗೆ ಮರಿಗಳು ಹತ್ತೊಂಬತ್ತು. ಬೆವರಿಗೆ ಅಂಗಿ ಬೆನ್ನಿಗಂಟಿದ್ದ ಸಾಹೇಬ ಮೇಲಿನವರಿಗೆ ಮೂರನೇ ಸಲ ಫೋನು ಮಾಡಿ, ಈಗಲೇ ಬೇಕು ಸಾರ್ ಎಂದು ಗೋಗರೆಯುತ್ತಿದ್ದ. ಕೊನೆಗೆ ಫೋನಿಟ್ಟು, "ಟ್ರಾನ್ಸ್‌ಫಾರ್ಮರ್ ಲಾರಿ ಹೊರಟಿದೆಯಮ್ಮ. ಇನ್ನು ನೀವು ಹೊರಡ್ರಿ," ಎಂದ.

ಬೆಳಗಿನಿಂದ ನೀನು ಎನ್ನುತ್ತಿದ್ದ ಬಾಯಿ ನೀವು ಎಂದದ್ದು ಉಚ್ಚಂಗಮ್ಮನ ಕಿವಿಗೆ ಬಿತ್ತು. ಅವಳು ಗೋಡೆಯ ಪಕ್ಕದ ಕುರ್ಚಿಯನ್ನು ಸಾಹೇಬನ ಮೇಜಿನ ಎದುರಿಗೇ ಎಳೆದುಕೊಂಡು ಕುಳಿತಳು.

"ಹಟ್ಟಿಯಾಗೆ ಬಲ್ಬು ಹತ್ಲಿ ಸ್ವಾಮಿ. ಹತ್ತಿತು ಅಂತ ಫೋನ್ ಬರ್ಲಿ. ಆಮೇಲೆ ಏಳ್ತೀನಿ."

ಪೆಟ್ಟಿಗೆಯೊಳಗೆ ಇಪ್ಪತ್ತನೆಯದು ಚಿಪ್ಪನ್ನು ಒದ್ದು ಹೊರಬಿತ್ತು.