ಬಿಸಿಲು ಬೇಕಾದ ಹುಲ್ಲು

"ಅಂಗಳದಲ್ಲಿ ನೆರಳಿದ್ಯಾ ಮೇಡಂ, ಬಿಸಿಲಿದ್ಯಾ?" ಎಂದು ಕೃಷ್ಣಕುಮಾರ್ ಸೈಮಾಳನ್ನು ಕೇಳಿದ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯ ಕೆಳಗೆ ಅವನ ಹೊಲವಿತ್ತು. ಮೊದಲು ರಾಗಿ ಬೆಳೆಯುತ್ತಿದ್ದ ಕಡೆ ಈಗ ಹುಲ್ಲು ಬೆಳೆದು, ಮಣ್ಣಿನ ಸಮೇತ ಚಾಪೆಯಂತೆ ಸುತ್ತಿ ತುಮಕೂರಿನ ಮನೆಗಳಿಗೆ ಕಳಿಸುತ್ತಿದ್ದ. ತುಮಕೂರಿನದೇ ಬಟವಾಡಿ ಬಡಾವಣೆಯ ತನ್ನ ಮನೆಯಂಗಳಕ್ಕೆ ಲಾನ್ ಆರಿಸಲು ಸೈಮಾ ಅಲ್ಲಿಗೆ ಬಂದಿದ್ದಳು.

ಅಂಗಳದಲ್ಲಿ ಒಂದು ಸೀಬೆಮರ ಇದೆ ಎಂದಳು. ಹಾಗಿದ್ದರೆ ಅಗಲ ಎಲೆಯ ಬಫೆಲೋ ಹುಲ್ಲು ಒಳ್ಳೆಯದು, ನೆರಳಿನಲ್ಲೂ ಬದುಕುತ್ತದೆ ಎಂದು ಅವನು ಒಂದು ಮಡಿ ತೋರಿಸಿದ. ಸೈಮಾ ಅದನ್ನು ದಾಟಿ ಪಕ್ಕದ ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸಣ್ಣ ಎಸಳಿನ, ಒತ್ತಾದ ಮೆಕ್ಸಿಕನ್ ಹುಲ್ಲು. ಅಂಗೈ ಇಟ್ಟರೆ ಕುರಿಮರಿಯ ಬೆನ್ನು ಸವರಿದಂತೆ. ಅದಕ್ಕೆ ಇಡೀ ದಿನ ಬಿಸಿಲು ಬೀಳಬೇಕು, ಮರದ ಕೆಳಗೆ ಹಾಕಿದರೆ ಹಳದಿಯಾಗಿ ಸಾಯುತ್ತದೆ ಎಂದು ಅವನು ಎಚ್ಚರಿಸಿದ.

"ಇದನ್ನೇ ಹಾಕಿ," ಎಂದಳು ಸೈಮಾ. "ಮರ ಇರಲ್ಲ."

ಆ ಮರ ನೆಟ್ಟವಳು ಮೆಹನಾಜ್, ಸೈಮಾಳ ಗಂಡ ನಯೀಮನ ಮೊದಲ ಹೆಂಡತಿ. ಅವಳು ಜ್ವರ ಬಂದು ತೀರಿಕೊಂಡ ಮೇಲೆ ಸೈಮಾ ಆ ಮನೆ ತುಂಬಿದ್ದಳು. ಬಂದವಳು ಪರದೆ ಬದಲಾಯಿಸಿದಳು, ಅಡುಗೆಮನೆಯ ಡಬ್ಬಿಗಳನ್ನು ಬದಲಾಯಿಸಿದಳು, ಮಂಚದ ದಿಕ್ಕನ್ನೂ ತಿರುಗಿಸಿದಳು. ಮರವೊಂದು ಮಾತ್ರ ಬಾಗಿಲೆದುರೇ ನಿಂತು ಹಣ್ಣು ಬಿಡುತ್ತಿತ್ತು. ಅತ್ತೆ ಅದನ್ನು 'ಮೆಹನಾಜ್ ಮರ' ಎಂದೇ ಕರೆಯುತ್ತಿದ್ದರು. ಪಕ್ಕದ ಮನೆಯ ರೇವಮ್ಮ ಹಲ್ಲುನೋವಿಗೆ ಎಲೆ ಕೀಳಲು ಬಂದಾಗಲೆಲ್ಲ ಆ ಪುಣ್ಯಾತ್ಗಿತ್ತಿಯ ಕೈಗುಣ ಹೊಗಳಿ ಹೋಗುತ್ತಿದ್ದಳು. ಸೈಮಾ ನೆಟ್ಟ ಗುಲಾಬಿ ಅದರ ನೆರಳಿನಲ್ಲಿ ಮೊಗ್ಗೇ ಬಿಡದೆ ಒಣಗಿತ್ತು.

ಎಲ್ಲಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ನಯೀಮ್. ಸಂಜೆ ಅಂಗಡಿಯಿಂದ ಬಂದವನು ಒಳಗೆ ಕಾಲಿಡುವ ಮೊದಲು ಒಂದು ಹಣ್ಣು ಕಿತ್ತು, ಮೂಸಿ, ನಿಂತೇ ತಿನ್ನುತ್ತಿದ್ದ. ಅಡುಗೆಮನೆಯ ಕಿಟಕಿಯಿಂದ ಅವಳು ನೋಡುತ್ತಿದ್ದಳು. ಆ ಹೊತ್ತಿನಲ್ಲಿ ಅವನ ಮನಸ್ಸಿನಲ್ಲಿ ಯಾರಿರುತ್ತಾರೆ ಎಂದು ಕೇಳುವುದಾದರೂ ಹೇಗೆ? ಬದುಕಿರುವ ಸವತಿಯಾದರೆ ಜಗಳವನ್ನಾದರೂ ಆಡಬಹುದಿತ್ತು. ಒಮ್ಮೆ ಅವನು ಚೆನ್ನಾಗಿ ಮಾಗಿದ್ದೊಂದನ್ನು ಅವಳಿಗೆಂದೇ ತಂದುಕೊಟ್ಟಿದ್ದ. ಒಳಗೆ ಕೆಂಪಗಿತ್ತು, ಬಹಳ ಸಿಹಿಯಾಗಿತ್ತು. ಆ ಸಿಹಿಯನ್ನೇ ಅವಳಿಗೆ ಸಹಿಸಲಾಗಲಿಲ್ಲ.

ಮರ ಕಡಿಸಬೇಕು ಎಂದು ಹೇಳಲು ಗುಬ್ಬಿಯಿಂದ ತುಮಕೂರಿನವರೆಗೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಳು. ಬಾವಲಿಗಳ ಕಾಟ, ಉದುರುವ ಎಲೆ, ಕಾಂಪೌಂಡಿಗೆ ನುಗ್ಗುವ ಬೇರು. ಅವನು ಕೋಪ ಮಾಡಿಕೊಳ್ಳುತ್ತಾನೆ, ಆಗ ತಾನು ಅತ್ತುಬಿಡುತ್ತೇನೆ, ಅಲ್ಲಿಗೆ ಎಲ್ಲವೂ ಬಯಲಾಗುತ್ತದೆ ಎಂದುಕೊಂಡಿದ್ದಳು. ಅವಳು ಹೇಳಿದಾಗ ನಯೀಮ್ ಮೊಬೈಲಿನಿಂದ ತಲೆ ಎತ್ತಿ, ಆಗಲಿ, ಭಾನುವಾರ ಆಳು ಕಳಿಸುತ್ತೇನೆ ಎಂದ. ಅವಳಿಗೆ ನಂಬಿಕೆ ಬರದೆ ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ ಅದನ್ನೇ ಹೇಳಿದ.

ಮರ ಬೀಳುವಾಗ ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ರೇವಮ್ಮ ಸೆರಗಿನ ತುಂಬ ಕಾಯಿ ಆರಿಸಿಕೊಂಡು ಹೋದಳು. ಸೈಮಾ ಬುಡವನ್ನೂ ಬಿಡದೆ ಅಗೆಸಿ, ಗುಂಡಿ ಮುಚ್ಚಿಸಿ, ಬಿಸಿಲಲ್ಲಿ ನಿಂತು ಅಂಗಳ ಗುಡಿಸಿದಳು. ಅದು ಅಷ್ಟು ದೊಡ್ಡ ಅಂಗಳ ಎಂದು ಅವಳಿಗೆ ಅವತ್ತೇ ಗೊತ್ತಾಗಿದ್ದು.

ಮರುದಿನ ಕೃಷ್ಣಕುಮಾರ್ ಹುಲ್ಲಿನ ಸುರುಳಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದ. ಅಂಚಿಗೆ ಅಂಚು ಕೂಡಿಸಿ ಹಾಸುತ್ತಾ ಹೋದಂತೆ ಅಂಗಳ ಗುರುತೇ ಸಿಗದಂತಾಯಿತು. ನಯೀಮ್ ಅಂಗಡಿಯಿಂದ ಬರುವ ಹೊತ್ತಿಗೆ ಕೆಲಸ ಮುಗಿದಿತ್ತು. ಅವನು ಬಾಯಿತುಂಬ ಹೊಗಳಿದ. ಇದು ನಾನು ಆರಿಸಿದ್ದು ಎಂದು ಸೈಮಾ ಹೇಳಬೇಕೆನ್ನುವಷ್ಟರಲ್ಲಿ, ಕಾಂಪೌಂಡಿಗೆ ಒರಗಿಸಿದ್ದ ಕೊಂಬೆಗಳ ಕಡೆ ನೋಡುತ್ತಾ ಕೃಷ್ಣಕುಮಾರ್ ಮಾತು ತೆಗೆದ.

"ಕಾಯಿ ಬಿಡೋ ಮರ ಸಾರ್. ಹೆಂಗೆ ಮನಸ್ ಬಂತು ಕಡಿಯಕ್ಕೆ?"

"ನೆಟ್ಟೋರೇ ಇಲ್ಲ," ಎಂದ ನಯೀಮ್. "ಇನ್ನು ಮರ ಇಟ್ಕೊಂಡು ಏನ್ಮಾಡ್ಲಿ?"

ಮದುವೆಯಾದಂದಿನಿಂದ ಸೈಮಾ ಇಂಥದೊಂದು ಮಾತಿಗಾಗಿ ಕಾದಿದ್ದಳು. ಅವನ ದನಿಯಲ್ಲಿ ಎಲ್ಲಾದರೂ ಒಂದಿಷ್ಟು ನೋವಿದೆಯೇ ಎಂದು ಈಗ ಅವಳೇ ಹುಡುಕಿದಳು. ಇರಲಿಲ್ಲ. ಊಟಕ್ಕೆ ಬಡಿಸು ಎನ್ನುವಾಗಿನ ದನಿಯೇ.

ನಯೀಮ್ ಬಗ್ಗಿ ಹುಲ್ಲಿನ ಒಂದು ಮೂಲೆಯನ್ನು ಎತ್ತಿ ನೋಡಿದ. ಬೇರು ಇನ್ನೂ ಮಣ್ಣಿಗೆ ಹಿಡಿದಿರಲಿಲ್ಲ.

"ನಾಳೆ ಇದೂ ಬೇಡ ಅನ್ನಿಸಿದ್ರೆ?"

"ಸುತ್ತಿ ಎತ್ತಾಕ್ಬುಟ್ಟು ಬೇರೆ ಹಾಸದು ಸಾರ್. ಅರ್ಧ ದಿನದ ಕೆಲ್ಸ."

"ಹಂಗಾದ್ರೆ ಒಳ್ಳೇದೇ," ಎಂದು ನಯೀಮ್ ಕೈಯ ಮಣ್ಣು ಕೊಡವಿಕೊಂಡು ಒಳಗೆ ಹೋದ.

ಮೊದಲ ದಿನ ಹದವಾಗಿ ನೀರು ಬಿಟ್ಟರೆ ಸಾಕು, ಬೇರು ತಾನೇ ಹಿಡಿಯುತ್ತದೆ ಎಂದು ಹೇಳಿ ಕೃಷ್ಣಕುಮಾರ್ ಗಾಡಿ ಹತ್ತಿದ. ಸೈಮಾ ಪೈಪು ಹಿಡಿದು ನಿಂತಳು. ಹುಲ್ಲು ನೆನೆಯಿತು, ಸಂದುಗಳಲ್ಲಿ ನೀರು ನಿಂತಿತು, ಗೇಟಿನ ಅಡಿಯಿಂದ ಕೆಂಪು ಕೆಂಪಗೆ ರಸ್ತೆಗೆ ಹರಿಯತೊಡಗಿತು. ಅವಳು ಪೈಪು ಕೆಳಗಿಡಲಿಲ್ಲ.