ಸಂಪರ್ಕಕ್ಕೆ ಸಿಗದ ನಾಲ್ವರು

ಸರ್ಕಾರದ ದುಡ್ಡಿನಲ್ಲಿ ನಡೆದ ಯಾವ ಔಷಧ ಸಂಶೋಧನೆಯೂ ಊರ ಮಂದಿಗೆ ಓದಿ ಹೇಳದೆ, ಕೇಳಿದವರು ‘ಅರ್ಥವಾಯಿತು’ ಎಂದು ಹೆಬ್ಬೆಟ್ಟು ಒತ್ತದೆ ಅಚ್ಚಾಗುತ್ತಿರಲಿಲ್ಲ. ಹಾಗಾಗಿ ಡಾಕ್ಟರ್ ವೈಜಯಂತಿ ಆ ಮಂಗಳವಾರವೂ ಗದಗಿನ ವಾಚನಾಲಯವೊಂದರಲ್ಲಿ ತಮ್ಮ ಸಕ್ಕರೆ ಕಾಯಿಲೆಯ ಪ್ರಬಂಧ ಹಿಡಿದು ಕೂತಿದ್ದರು. ಹತ್ತೊಂಬತ್ತು ಹೆಬ್ಬೆಟ್ಟು ಬಿದ್ದಿದ್ದವು. ಇನ್ನೊಂದು ಬಿದ್ದರೆ ಮುಗಿಯಿತು.

ಕೊನೆಯವಳು ಹೂ ಮಾರುವ ಗುರುಸಿದ್ದವ್ವ. ಶಾಯಿ ಹಚ್ಚಿದ ಬೆರಳನ್ನು ಎತ್ತಿ ಹಿಡಿದುಕೊಂಡೇ ಕೇಳಿದಳು.

“ಎಲ್ಲಾ ತಿಳೀತ್ರಿ. ‘ನಾಲ್ವರು ಸಂಪರ್ಕಕ್ಕೆ ಸಿಗಲಿಲ್ಲ’ ಅಂದ್ರಲ್ಲ, ಅದೊಂದು ತಿಳೀಲಿಲ್ಲ.”

“ಗುಳಿಗೆ ತಗೊಂಡವರು ಆಮೇಲೆ ಬರಲೇ ಇಲ್ಲಮ್ಮ. ಹುಡುಕಿದರೂ ಸಿಗಲಿಲ್ಲ. ಅವರನ್ನ ಲೆಕ್ಕದಿಂದ ಕೈಬಿಟ್ಟಿದ್ದೀವಿ.”

“ಅದರಾಗ ನಾನೊಬ್ಬಾಕಿ. ನಿಮ್ಮ ಗುಳಿಗಿ ನುಂಗಿ ಬವಳಿ ಬಂದು ಬಿದ್ದೆ, ಬರೋದು ಬಿಟ್ಟೆ. ಆವತ್ತಿಂದ ಇದ ಬಾಗಲ್ದಾಗ ಹೂ ಮಾರಾಕತ್ತೀನಿ. ಯಾರೂ ಹುಡುಕ್ಕೊಂಡು ಬರಲಿಲ್ರಿ.”

ವಾರಕ್ಕೊಮ್ಮೆಯಾದರೂ ಇಂಥದನ್ನು ಕಾಣುವ ವಾಚನಾಲಯದ ಗುಮಾಸ್ತ ತಲೆ ಎತ್ತದೆ, ತಿದ್ದುಪಡಿಯ ಕೆಂಪು ಪೆನ್ನನ್ನು ಮುಂದೆ ತಳ್ಳಿದ. ವೈಜಯಂತಿ ‘ನಾಲ್ವರು’ ಹೊಡೆದುಹಾಕಿ ‘ಮೂವರು’ ಎಂದು ಬರೆದು, ಕಾಗದವನ್ನು ಅವಳತ್ತ ಸರಿಸಿದರು.

ಗುರುಸಿದ್ದವ್ವ ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡಳು.

“ಆ ಮೂವರೂ ನಮ್ಮ ಓಣ್ಯಾಗನ ಅದಾರ್ರಿ. ಕರೀಲೇನು?”